ಕಾಯ ಸೋತಾಗ ಮನದ ಪೂಜೆ: ಮೋಳಿಗೆಯ ಸೀಮೆಯಿಂದ ಒಂದು ವಿಚಾರ



ಕಳೆದ ಶ್ರಾವಣದಲ್ಲಿ ಮನ್ನಾಏಖೇಳ್ಳಿಯ ಕಡೆಯಿಂದ ಹಿರಿಯ ಭಕ್ತರೊಬ್ಬರು ಪತ್ನಿಯೊಡನೆ ಪೂಜ್ಯರ ದರ್ಶನಕ್ಕೆ ಬಂದಿದ್ದರು. ಜೀವಮಾನವೆಲ್ಲ ತೊಗರಿ, ಉದ್ದು ಬೆಳೆದು ಒಕ್ಕಲುತನ ಮಾಡಿದವರು. ಹಿಂದಿನ ವರ್ಷ ಲಕ್ವಾ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತ್ತು. ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುವುದು ಎಡಗೈಯ ಅಂಗೈಯಲ್ಲಲ್ಲವೇ? ಐವತ್ತು ವರ್ಷ ತಪ್ಪದೆ ನಡೆದ ಪೂಜೆ ಅಲ್ಲಿಗೆ ನಿಂತುಹೋಗಿತ್ತು. ಪೂಜ್ಯರ ಮುಂದೆ ಅವರು ಕೇಳಿದ್ದು ಒಂದೇ ಮಾತು: "ಅಪ್ಪಾವರ, ಮನಸ್ಸು ನಿಂತದರಿ, ಕೈ ನಿಂದ್ರವಲ್ದು. ನನ್ನ ಪೂಜಾ ಮುಟ್ತದೋ ಇಲ್ಲೋ?"

ಅಲ್ಲಿ ಕುಳಿತಿದ್ದ ನಮ್ಮಲ್ಲಿ ಒಬ್ಬರು ಥಟ್ಟನೆ, "ಮನಸ್ಸೊಂದು ಶುದ್ಧವಿದ್ದರೆ ಸಾಕು, ಕೈಯದೇನು?" ಎಂದರು. ಸಮಾಧಾನದ ಮಾತು, ನಿಜ. ಆದರೆ ಆ ಹಿರಿಯರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಯೋಚಿಸಿದಷ್ಟೂ ಅವರ ಅಸಮಾಧಾನವೇ ಸರಿಯೆಂದು ನನಗೆ ತೋರುತ್ತದೆ. ಮನಸ್ಸೊಂದೇ ಸಾಕಾಗಿದ್ದರೆ ಬಸವಾದಿ ಶರಣರು ಲಿಂಗವನ್ನು ಅಂಗೈಗೆ ತಂದುಕೊಡುವ ಅಗತ್ಯವೇ ಇರಲಿಲ್ಲ. ನಿರಾಕಾರವನ್ನು ನೆನೆಯಿರಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಇನ್ನೊಂದು ಕಡೆ, ಕೈಯಿಲ್ಲದೆ ಪೂಜೆಯಿಲ್ಲ ಎಂದರೆ ರೋಗಿಗೆ, ವೃದ್ಧರಿಗೆ, ಅಂಗವಿಕಲರಿಗೆ ದೇವರ ಬಾಗಿಲು ಮುಚ್ಚಿದಂತಾಗುತ್ತದೆ. ಈ ಎರಡು ಉತ್ತರಗಳ ನಡುವೆ ಶರಣರು ನಿಂತದ್ದೆಲ್ಲಿ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಇದಕ್ಕಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ಹೈದರಾಬಾದಿನಿಂದ ಬರುವ ಹೆದ್ದಾರಿ ಮನ್ನಾಏಖೇಳ್ಳಿಯನ್ನು ದಾಟಿ ಹುಮನಾಬಾದಿಗೆ, ಅಲ್ಲಿಂದ ಕಲ್ಯಾಣದ ಸೀಮೆಯನ್ನು ಹಾಯ್ದು ಸೊನ್ನಲಿಗೆಗೆ, ಎಂದರೆ ಇಂದಿನ ಸೊಲ್ಲಾಪುರಕ್ಕೆ ಹೋಗುತ್ತದೆ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುಗಳು ಕಲ್ಯಾಣಕ್ಕೆ ಕರೆತಂದದ್ದು ಆ ಸೊನ್ನಲಿಗೆಯಿಂದಲೇ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿ ಮೋಳಿಗೆಯ ಮಾರಯ್ಯನವರ ಗವಿಯಿದೆ. ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮ, ನುಲಿಯ ಚಂದಯ್ಯ, ಹರಳಯ್ಯನವರ ಹೆಸರಿನ ಗವಿಗಳಿವೆ. ಈ ಭಾಗದ ಕೆಂಪು ಜಂಬಿಟ್ಟಿಗೆಯ ಕಲ್ಲು ನೆಲದೊಳಗಿರುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಗುಲಿದ ಮೇಲೆ ಗಟ್ಟಿಯಾಗುವ ಜಾತಿಯದು. ಗವಿ ಕೊರೆಯಲು ಇದಕ್ಕಿಂತ ಅನುಕೂಲವಾದ ನೆಲ ಮತ್ತೊಂದಿಲ್ಲ. ಅಲ್ಲಮರ ಅಂಕಿತವೂ ಗುಹೇಶ್ವರನೇ ಎಂಬುದನ್ನು ಇಲ್ಲಿ ನೆನೆಯಬಹುದು. ದೇಹವನ್ನೇ ಒಂದು ಗವಿಯಾಗಿ, ಅದರೊಳಗಣ ಬೆಳಕನ್ನು ಅರಿವಾಗಿ ಕಂಡವರು ಅವರು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೇಹದ ಬಗ್ಗೆ ಹಲವು ಮತಗಳು ಚಾಲ್ತಿಯಲ್ಲಿದ್ದವು. ದೇಹವನ್ನು ಒಣಗಿಸಿ, ದಂಡಿಸಿ ಮನಸ್ಸನ್ನು ಗೆಲ್ಲಬೇಕೆಂಬ ತಪಸ್ವಿಗಳಿದ್ದರು. ದೇಹವನ್ನೇ ಅಳಿವಿಲ್ಲದಂತೆ ಗಟ್ಟಿಗೊಳಿಸಬೇಕೆಂಬ ನಾಥಸಿದ್ಧರಿದ್ದರು. ಕೆಲವರ ದೇಹ ಹುಟ್ಟಿನಿಂದಲೇ ಮೈಲಿಗೆ, ಅವರ ಮನಸ್ಸು ಹೇಗಿದ್ದರೂ ಲೆಕ್ಕಕ್ಕಿಲ್ಲ ಎಂಬ ವೈದಿಕ ವ್ಯವಸ್ಥೆಯಂತೂ ಎಲ್ಲೆಡೆ ಇತ್ತು. ಈ ಮೂರನೆಯದನ್ನು ನಾವು ಜಾತಿಯ ಪ್ರಶ್ನೆಯೆಂದಷ್ಟೇ ಓದುತ್ತೇವೆ. ವಾಸ್ತವವಾಗಿ ಅದು ಕಾಯ ಮತ್ತು ಮನಗಳ ಸಂಬಂಧದ ಪ್ರಶ್ನೆಯೂ ಹೌದು.

ಎರಡನೆಯ ಮತಕ್ಕೆ ಶೂನ್ಯಸಂಪಾದನೆ ಕೊಡುವ ಉತ್ತರ ಎಲ್ಲರಿಗೂ ತಿಳಿದದ್ದೇ. ಗೋರಕ್ಷನು ತನ್ನದು ವಜ್ರಕಾಯವೆಂದು ಬೀಗಿ ಅಲ್ಲಮರ ಕೈಗೆ ಖಡ್ಗ ಕೊಟ್ಟು ಹೊಡೆಯಲು ಹೇಳುತ್ತಾನೆ. ಹೊಡೆದಾಗ ಕಲ್ಲಿಗೆ ಕಬ್ಬಿಣ ತಾಗಿದಂತೆ ಖಣಿಲೆಂಬ ಸದ್ದು, ಗಾಯವಿಲ್ಲ. ಆ ಸದ್ದೇ ನಿನ್ನ ಕೊರತೆ ಎಂಬ ಧಾಟಿಯಲ್ಲಿ ಅಲ್ಲಮರು ನಗುತ್ತಾರೆ. ಬಳಿಕ ಗೋರಕ್ಷನು ಅದೇ ಖಡ್ಗವನ್ನು ಅವರ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಅದು ಹಾಯ್ದುಹೋಗುತ್ತದೆ. ಇದನ್ನು ಪವಾಡವೆಂದು ಕೊಂಡಾಡಿ ಮುಂದೆ ಹೋಗುವವರೇ ಹೆಚ್ಚು. ಆದರೆ ದೇಹವನ್ನು ಕೋಟೆಯಾಗಿಸಿಕೊಂಡವನ ಮನಸ್ಸು ಆ ಕೋಟೆಗೇ ಸೆರೆಯಾಗುತ್ತದೆ, ಮುಪ್ಪನ್ನೂ ರೋಗವನ್ನೂ ತಡೆದು ನಿಲ್ಲಿಸಿದ ಮಾತ್ರಕ್ಕೆ ಅರಿವು ಬಾರದು ಎಂಬುದು ಈ ಪ್ರಸಂಗದ ತಿರುಳು. ಲಕ್ವಾ ಹೊಡೆದ ಭಕ್ತನಿಗೆ ಇದು ಅರ್ಧ ಉತ್ತರ. ಕಾಯದ ಸೋಲು ಭಕ್ತಿಯ ಸೋಲಲ್ಲ.

ಹಾಗಾದರೆ ಕಾಯ ಬೇಡವೇ? ಇಲ್ಲಿ ಜೇಡರ ದಾಸಿಮಯ್ಯನವರನ್ನು ಕರೆಯಬೇಕು. ಮುದನೂರಿನ ಈ ನೇಕಾರ ಶರಣರು ಬಸವಣ್ಣನವರಿಗಿಂತ ಹಿಂದಿನವರು. ಹಸಿವಿನ ಕಾರಣಕ್ಕೆ ಸುಳ್ಳು ನುಡಿದ ಭಕ್ತನನ್ನು ಜರಿಯುವ ದೇವರಿಗೇ ಅವರು ಒಂದು ವಚನದಲ್ಲಿ ಸವಾಲು ಹಾಕುತ್ತಾರೆ: ನೀನೂ ಒಂದು ಸಲ ಶರೀರ ಹೊತ್ತು ಬಾ, ಆಗ ತಿಳಿಯುತ್ತದೆ ಎಂಬ ಭಾವ ಅದರದು. ದೇವರ ಮುಂದೆ ದೇಹದ ಪರವಾಗಿ ಹೀಗೆ ವಕಾಲತ್ತು ವಹಿಸಿದವರು ಅಪರೂಪ. ಹಸಿವು ಕಾಯದ್ದು, ಸುಳ್ಳು ಮನದ್ದು. ಒಂದನ್ನು ಬಿಟ್ಟು ಇನ್ನೊಂದರ ವಿಚಾರಣೆ ನಡೆಸಲಾಗದು ಎಂದು ನಮ್ಮ ನೇಕಾರರು ಆಗಲೇ ಕಂಡುಕೊಂಡಿದ್ದರು.

ಕಲ್ಯಾಣದ ಶರಣರು ಈ ಮಾತನ್ನು ಒಂದು ಪದದಲ್ಲಿ ಹಿಡಿದಿಟ್ಟರು. ಆ ಪದವೇ ಕಾಯಕ. ಇಂದು ನಾವು ಅದನ್ನು ಉದ್ಯೋಗ, ದುಡಿಮೆ ಎಂಬರ್ಥದಲ್ಲಿ ಬಳಸುತ್ತೇವೆ. ಬ್ಯಾಂಕಿನ ಉದ್ಯೋಗವೂ ಕಾಯಕ, ಕಚೇರಿಯ ಕಡತವೂ ಕಾಯಕ. ಆದರೆ ಪದದ ಬೇರು ಕಾಯದಲ್ಲಿದೆ. ಕಾಯಿಕ, ವಾಚಿಕ, ಮಾನಸಿಕವೆಂಬ ತ್ರಿಕರಣಗಳಲ್ಲಿ ಮೊದಲನೆಯದು ದೇಹದ್ದು. ಹಳೆಯ ಶಾಸ್ತ್ರಗಳಲ್ಲಿ ಮಾನಸಪೂಜೆಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಮೈ ಬಗ್ಗಿಸಿ ಮಾಡುವ ಕೆಲಸ ಕೆಳಗಿನದು, ಅದನ್ನು ಮಾಡುವವರೂ ಕೆಳಗಿನವರು. ಶರಣರು ಈ ಏಣಿಯನ್ನೇ ತಿರುಗಿಸಿ ನಿಲ್ಲಿಸಿದರು.

ಆದರೂ ಏಣಿ ತಿರುಗಿಸುವುದು ಅಷ್ಟು ಸುಲಭವಾಗಿರಲಿಲ್ಲವೆಂಬುದಕ್ಕೆ ಆಯ್ದಕ್ಕಿ ಮಾರಯ್ಯನವರ ಪ್ರಸಂಗ ಸಾಕ್ಷಿ. ಇಂದಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಬಂದ ಈ ದಂಪತಿಗಳದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ. ಕಾಯಕದ ಹೊತ್ತಿನಲ್ಲಿ ಲಿಂಗಪೂಜೆಯನ್ನೂ ಮರೆಯಬೇಕೆಂಬ ದಿಟ್ಟ ನುಡಿ ಮಾರಯ್ಯನವರದೇ. ಅಂಥವರೇ ಒಂದು ದಿನ ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕದ ವೇಳೆ ಮೀರಿಸಿಬಿಟ್ಟರು. ಮನ ಎಷ್ಟು ಎತ್ತರದಲ್ಲಿತ್ತೋ ಕಾಯ ಅಷ್ಟೇ ಆಲಸ್ಯದಲ್ಲಿತ್ತು. ಎಚ್ಚರಿಸಿದವರು ಪತ್ನಿ ಲಕ್ಕಮ್ಮ. ಅವಸರದಲ್ಲಿ ಹೋದ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೇಕೆ, ಮಿಕ್ಕಿದ್ದನ್ನು ತಿರುಗಿ ಅಲ್ಲಿಯೇ ಸುರಿದು ಬನ್ನಿ ಎಂದವರೂ ಆಕೆಯೇ. ಬಡತನ ಭಕ್ತನ ಮೈಗೆ ಬರಬಹುದು, ಮನಸ್ಸಿಗೆ ಬರಕೂಡದು ಎಂಬರ್ಥದ ಆಕೆಯ ವಚನದಲ್ಲಿ ಬೆಟ್ಟವೂ ಉಳಿಯೂ ಬರುತ್ತವೆ: ಬೆಟ್ಟ ದೊಡ್ಡದೆಂದು ಸಣ್ಣ ಉಳಿ ಹೆದರುವುದಿಲ್ಲ. ಜಂಬಿಟ್ಟಿಗೆಯ ನಾಡಿನವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಲ್ಯಾಣದಲ್ಲಿ ಉಡುತಡಿಯ ಮಹಾದೇವಿಯಕ್ಕನವರನ್ನೂ ನಿಲ್ಲಿಸಿ ಪ್ರಶ್ನಿಸಲಾಯಿತು. ಅರಸನ ಅರಮನೆಯನ್ನು, ಅದರೊಡನೆ ಉಟ್ಟ ಬಟ್ಟೆಯನ್ನೂ ತೊರೆದು ಬಂದವರು ಕೇಶದಿಂದ ಮೈಮುಚ್ಚಿಕೊಂಡಿದ್ದರು. ಮನ ನಿಜವಾಗಿಯೂ ಬಯಲಾಗಿದ್ದರೆ ಈ ಮರೆ ಏಕೆ ಎಂದು ಅಲ್ಲಮರು ಕೇಳುತ್ತಾರೆ. ಕಟುವಾದ ಪ್ರಶ್ನೆ. ಶೂನ್ಯಸಂಪಾದನೆಯ ಆ ಪುಟಗಳನ್ನು ಓದುವಾಗ ಇಂದಿಗೂ ಮುಜುಗರವಾಗುತ್ತದೆ. ಅಕ್ಕ ತಡವರಿಸಲಿಲ್ಲ. ಹಣ್ಣು ಒಳಗೆ ಮಾಗುವ ಮುನ್ನ ಸಿಪ್ಪೆಯ ಬಣ್ಣ ಕೆಡುವುದಿಲ್ಲವೆಂಬ ದೃಷ್ಟಾಂತ ಕೊಟ್ಟರು. ಮುಂದುವರಿದು, ಈ ಮರೆ ತನಗಾಗಿಯಲ್ಲ, ನೋಡುವ ನಿಮ್ಮ ಮನಸ್ಸಿಗೆ ನೋವಾಗದಿರಲೆಂದು ಎಂಬ ಆಶಯದ ಮಾತನ್ನೂ ಆಡಿದರು. ಕಾಯ ಒಬ್ಬರದು, ಅದನ್ನು ಕಂಡು ಕದಡುವ ಮನ ಇನ್ನೊಬ್ಬರದು! ಕಾಯಕ್ಕೂ ಮನಕ್ಕೂ ಇರುವ ನಂಟು ಒಂದೇ ಚರ್ಮದ ಒಳಗೆ ಮುಗಿಯುವುದಿಲ್ಲವೆಂಬ ಈ ನೋಟ ನಮ್ಮ ಹಿರಿಯ ಭಕ್ತರ ಪ್ರಶ್ನೆಗೂ ಮುಂದೆ ನೆರವಾಗುತ್ತದೆ.

ಈ ವಿಚಾರಗಳು ಮಾತಿನಲ್ಲಿ ಉಳಿದಿದ್ದರೆ ಬಿಜ್ಜಳನ ರಾಜ್ಯಕ್ಕೆ ತೊಂದರೆಯಿರಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಐದೂ ದೇಹಕ್ಕೆ ಅಂಟಿಸಿದ ಮೈಲಿಗೆಗಳು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನವರ ಮಗಳಿಗೂ ಮದುವೆಯಾದಾಗ ಆ ನಿರಾಕರಣೆ ಮಾತಿನಿಂದ ಕೃತಿಗೆ ಇಳಿಯಿತು. ಅದಕ್ಕೆ ಪ್ರಭುತ್ವ ಕೊಟ್ಟ ಉತ್ತರವೂ ದೇಹದ ಮೇಲೆಯೇ. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆ ನಮ್ಮ ಸಂಪ್ರದಾಯದಲ್ಲಿ ಬಂದದ್ದು. ಅದನ್ನು ದೇಹದಂಡನೆಯ ಆದರ್ಶವಾಗಿ ಬೋಧಿಸುವುದು ನನಗೆ ಸರಿತೋರುವುದಿಲ್ಲ. ಮುಟ್ಟಬಾರದೆಂದು ದೂರವಿಟ್ಟ ಚರ್ಮವೇ ಕಾಣಿಕೆಯಾಯಿತೆಂಬುದು ಅದರ ಅರ್ಥ. ಪಾದರಕ್ಷೆಯನ್ನು ಬಸವಣ್ಣನವರು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂಬ ಭಾಗವನ್ನು ಮರೆತರೆ ಕಥೆ ಕೆಡುತ್ತದೆ. 1167ರ ಸುಮಾರಿಗೆ ಕಲ್ಯಾಣ ಚದುರಿತು. ಬಸವಣ್ಣನವರು ಕೂಡಲಸಂಗಮಕ್ಕೆ, ಚೆನ್ನಬಸವಣ್ಣನವರು ಉಳವಿಗೆ, ಅಲ್ಲಮರು ಶ್ರೀಶೈಲದ ಕದಳಿಗೆ ಹೋದರು.

ಮೋಳಿಗೆಯ ಕಥೆ ನಮಗೆ ಮುಖ್ಯವಾಗುವುದು ಇಲ್ಲಿಯೇ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದವರು, ರಾಣಿಯೊಡನೆ ರಾಜ್ಯ ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರುವ ಕಾಯಕ ಹಿಡಿದರು ಎಂದು ಪುರಾಣಗಳು ಹೇಳುತ್ತವೆ. ಹೊರೆ ಹೊತ್ತು ಅಭ್ಯಾಸವಿಲ್ಲದ ಅರಸನ ತಲೆಗೆ ಆ ಭಾರ ಮೊದಮೊದಲು ಹೇಗಿದ್ದಿರಬಹುದು! ಅವರ ಗುಡಿಸಿಲಿಗೆ ಬಸವಣ್ಣನವರು ವೇಷ ಮರೆಸಿಕೊಂಡು ಬಂದು ಅಂಬಲಿ ಸವಿದು, ಬಡತನ ಕಂಡು ಮರುಗಿ ಹೊನ್ನು ಇಟ್ಟುಹೋದರೆಂದೂ, ಮಾರಯ್ಯನವರು ಅದನ್ನು ತಮಗಿಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟರೆಂದೂ ಪ್ರಸಿದ್ಧಿ. ಕಲ್ಯಾಣ ಚದುರಿದ ಮೇಲೆ ಅವರ ಮನಸ್ಸು ನಿಲ್ಲಲಿಲ್ಲ. ಎಲ್ಲರೂ ಹೋದರು, ತಾನೂ ಈ ಕಾಯವನ್ನು ಬಿಟ್ಟು ಬಯಲಾಗಬೇಕು, ಅದಕ್ಕೆ ದಾರಿ ಯಾವುದೆಂದು ಹಂಬಲಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ತೀರದ ಶೋಕ.

ಪತ್ನಿ ಮಹಾದೇವಿಯಮ್ಮನವರು ಆ ಹಂಬಲವನ್ನು ಒಪ್ಪಲಿಲ್ಲ. ಇಲ್ಲಿಂದ ಅಲ್ಲಿಗೆ ಹೋಗಿ ಸೇರುವಂಥದ್ದು ಐಕ್ಯವೇ? ಇಲ್ಲಿ ಕಾಣದ್ದು ಅಲ್ಲಿ ಕಂಡೀತೇ? ಹೋಗುವವರು ಯಾರು, ಬಿಡುವ ಕಾಯ ಯಾವುದು? ಇದು ಅವರ ವಾದದ ಜಾಡು. ಸತಿ, ಪತಿ ಎಂಬ ಹೆಸರುಗಳು ದೇಹಗಳ ಕೂಟಕ್ಕೆ ಸಂಬಂಧಿಸಿದವು, ತಿಳಿವಿಗಾದರೋ ಪ್ರತ್ಯೇಕವಾದ ಮೈಯೆಂಬುದಿಲ್ಲ ಎಂಬ ಅರ್ಥದ ವಚನ ಆಕೆಯದು. ಎಷ್ಟು ಸಲ ಓದಿದರೂ ಇದರ ಆಳ ಮುಗಿಯುವುದಿಲ್ಲ. ಅರಿವು ಇರುವುದು ಈ ದುಡಿಯುವ, ದಣಿಯುವ ಕಾಯದಲ್ಲಿಯೇ, ಬೇರೊಂದು ದಿವ್ಯಕಾಯವನ್ನು ಹುಡುಕಬೇಡ ಎಂಬುದು ಒಂದರ್ಥ. ಗಂಡನದೊಂದು, ಹೆಂಡತಿಯದೊಂದು ಎಂದು ಅರಿವನ್ನು ಪಾಲು ಮಾಡಲಾಗದು, ಎರಡು ಕಾಯಗಳಲ್ಲಿ ಒಂದೇ ಅರಿವು ನಡೆಯಬಲ್ಲದು ಎಂಬುದು ಇನ್ನೊಂದರ್ಥ. ಮಾರಯ್ಯನವರು ನಿಃಕಳಂಕ ಮಲ್ಲಿಕಾರ್ಜುನನೆಂದು ಅಂಕಿತವಿಟ್ಟರೆ, ಮಹಾದೇವಿಯಮ್ಮನವರು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನನೆಂದು ಇಟ್ಟರು. ಇಮ್ಮಡಿ ಎಂಬ ಆ ಪದವನ್ನು ಗಮನಿಸಬೇಕು.

ಈ ಸಂವಾದಗಳನ್ನು ನಾವು ಓದುತ್ತಿರುವ ರೂಪದಲ್ಲಿ ಹೆಣೆದವರು ಹದಿನೈದನೆಯ ಶತಮಾನದ ಮತ್ತು ಆನಂತರದ ಸಂಪಾದಕರು. ಪ್ರೌಢದೇವರಾಯನ (1424–1446) ಕಾಲದ ಶಿವಗಣಪ್ರಸಾದಿ ಮಹಾದೇವಯ್ಯನವರಿಂದ ಮೊದಲಾಗಿ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಶೂನ್ಯಸಂಪಾದನೆಯನ್ನು ಸಂಯೋಜಿಸಿದರು. ಆದ್ದರಿಂದ ಕಲ್ಯಾಣದ ಮಾತುಕತೆಯ ಅಕ್ಷರಶಃ ವರದಿ ಇದಲ್ಲ. ಬಿಡಿ ವಚನಗಳನ್ನು ಪ್ರಸಂಗಕ್ಕೆ ತಕ್ಕಂತೆ ಜೋಡಿಸಿದ ಕೃತಿ ಇದು. ಗಮನಾರ್ಹವಾದ ಸಂಗತಿಯೆಂದರೆ, ಕಾಯ-ಮನಗಳ ವಿಚಾರ ಬಂದಾಗಲೆಲ್ಲ ಪುರುಷರ ತಪ್ಪನ್ನು ತಿದ್ದುವ ಸ್ಥಾನದಲ್ಲಿ ಲಕ್ಕಮ್ಮನನ್ನೋ ಮಹಾದೇವಿಯಮ್ಮನನ್ನೋ ನಿಲ್ಲಿಸಲು ಆ ವಿರಕ್ತ ಸಂಪಾದಕರು ಹಿಂಜರಿಯಲಿಲ್ಲ. ಬೀಸುವ, ಕುಟ್ಟುವ, ಹಡೆಯುವ, ರೋಗಿಯ ಆರೈಕೆ ಮಾಡುವ ಹೆಣ್ಣುಮಕ್ಕಳಿಗೆ ದೇಹವನ್ನು ಮರೆತು ತತ್ತ್ವ ಹೇಳುವ ಬಿಡುವು ಎಂದೂ ಸಿಕ್ಕಿದ್ದಿಲ್ಲ.

ಯುರೋಪಿನಲ್ಲಿಯೂ ಒಮ್ಮೆ ಇಂಥದೇ ಸಂಗತಿ ನಡೆಯಿತು. ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನಸ್ಸು ಬೇರೆ, ದೇಹ ಬೇರೆ, ಒಂದು ಯೋಚಿಸುವ ವಸ್ತು, ಇನ್ನೊಂದು ಜಾಗ ಹಿಡಿಯುವ ವಸ್ತು ಎಂದು ಸಾಧಿಸಿದ. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಅವನಿಗೆ ಪತ್ರ ಬರೆದಳು: ಜಾಗವನ್ನೇ ಹಿಡಿಯದ ಮನಸ್ಸು ದೇಹವನ್ನು ಅಲುಗಿಸುವುದಾದರೂ ಹೇಗೆ? ದೇಹ ಕೆಟ್ಟಾಗ ಬುದ್ಧಿಯೂ ಮಂಕಾಗುವುದೇಕೆ? ಡೆಕಾರ್ಟ್ ಕೊನೆಗೆ ಬರೆದ ಉತ್ತರ ಕುತೂಹಲಕರವಾದದ್ದು. ಮನಸ್ಸು ಮತ್ತು ದೇಹ ಒಂದಾಗಿರುವುದು ಧ್ಯಾನ, ತರ್ಕಗಳಿಂದ ತಿಳಿಯುವಂಥದ್ದಲ್ಲ, ನಿತ್ಯಜೀವನದ ವ್ಯವಹಾರದಲ್ಲಿ, ಸಾಧಾರಣ ಮಾತುಕತೆಯಲ್ಲಿ ಅದು ತಿಳಿಯುತ್ತದೆ ಎಂದ. ಅಲ್ಲಿಯ ಪಂಡಿತ ಪತ್ರದಲ್ಲಿ ಒಪ್ಪಿಕೊಂಡ ಈ ಮಾತನ್ನು ಅದಕ್ಕೆ ಸುಮಾರು ಐನೂರು ವರ್ಷ ಮೊದಲೇ ನಮ್ಮ ಕಟ್ಟಿಗೆ ಮಾರುವವರು, ಅಕ್ಕಿ ಆಯುವವರು ಬದುಕಿ ತೋರಿಸಿದ್ದರು ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ಇಂದಿನ ವೈದ್ಯಶಾಸ್ತ್ರದ ಮಾತು. ಲಕ್ವಾ ಕೈಯ ರೋಗವಲ್ಲ, ಮೆದುಳಿನದು. ಬಲಭಾಗದ ಮೆದುಳಿಗೆ ರಕ್ತ ನಿಂತರೆ ಎಡಗೈ ಬೀಳುತ್ತದೆ. ಮುಖ ಒಂದು ಕಡೆ ವಾಲಿ, ತೋಳು ಜೋತು, ಮಾತು ತೊದಲಿದರೆ ಮರುಗಳಿಗೆಯೇ ದೊಡ್ಡ ಆಸ್ಪತ್ರೆ ಸೇರಬೇಕು. ಹೆಪ್ಪು ಕರಗಿಸುವ ಔಷಧಿ ಕೊಡಲು ವೈದ್ಯರಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ. ನಮ್ಮ ಕಡೆ ಮೊದಲು ನಾಟಿ ಎಣ್ಣೆ, ಆಮೇಲೆ ತಾಯತ, ಕೊನೆಗೆ ಆಸ್ಪತ್ರೆ ಎಂಬ ಕ್ರಮ ಇನ್ನೂ ಪೂರ್ತಿ ಹೋಗಿಲ್ಲ. ಮಠಕ್ಕೆ ಬರುವವರಿಗೆ ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಲಕ್ವಾ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆಯೂ ಬರುತ್ತದೆ. ಆಗ ಪೂಜೆಯಲ್ಲಿ ಮನಸ್ಸು ನಿಲ್ಲದಿದ್ದರೆ ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ರೋಗ. ನಮ್ಮ ಭಾಗದ್ದೇ ಆದ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸೋತ ಕೈಗೆ ಪುನಃ ಪುನಃ ಕೆಲಸ ಕೊಡುತ್ತ ಹೋದರೆ ಮೆದುಳು ಹೊಸ ದಾರಿಗಳನ್ನು ಕಂಡುಕೊಳ್ಳಬಲ್ಲದು ಎಂಬುದೂ ಈಗ ಸಿದ್ಧವಾದ ಮಾತು. ಕಾಯ ಮನವನ್ನು ತಿದ್ದುತ್ತದೆ, ಮನ ಕಾಯವನ್ನು ತಿದ್ದುತ್ತದೆ.

ಷಟ್‌ಸ್ಥಲ ಶಾಸ್ತ್ರದಲ್ಲಿ ಶರೀರ ಒಂದಲ್ಲ, ಮೂರು. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗ. ಮನಸ್ಸನ್ನೂ ಒಂದು ಬಗೆಯ ತನುವೆಂದೇ ಎಣಿಸಿ, ಅದಕ್ಕೂ ಪೂಜೆಯ ಹೊಣೆ ಹೊರಿಸಿದ ಲೆಕ್ಕ ಇದು. ಸ್ಥೂಲವನ್ನು ಬಿಟ್ಟು ಮೇಲಕ್ಕೆ ಹಾರಿರಿ ಎಂದು ಅದು ಹೇಳುವುದಿಲ್ಲ. ಮೂರೂ ಒಂದೇ ವಸ್ತುವಿನ ಮೂರು ನೆಲೆಗಳು.

ಪೂಜ್ಯರು ಆ ದಿನ ಇಷ್ಟೆಲ್ಲ ವಿವರಿಸಲಿಲ್ಲ. ಹಿರಿಯರ ಮಾತು ಕೇಳಿ, ಪಕ್ಕದಲ್ಲಿ ಸೆರಗು ಹೊದ್ದು ಕುಳಿತಿದ್ದ ಅವರ ಪತ್ನಿಯ ಕಡೆ ತಿರುಗಿ, "ಯವ್ವಾ, ಮನ್ಯಾಗ ಇವರ ಲಿಂಗ ಯಾರು ಹಿಡೀತಾರ?" ಎಂದು ಕೇಳಿದರು. ಆ ತಾಯಿ ಗಂಡನ ಬಿದ್ದ ಎಡಗೈಯನ್ನು ಎತ್ತಿ ತಮ್ಮ ಅಂಗೈಯ ಮೇಲಿಟ್ಟುಕೊಂಡು ತೋರಿಸಿದರು.

"ದಿನಾ ನಾ ಹಿಂಗೇ ಹಿಡೀತೀನ್ರಿ ಅಪ್ಪಾವರ. ಇದು ನಿನ್ನ ಪೂಜಾ ಆಯ್ತು, ನಂದಲ್ಲ ಅಂತಾರ್ರಿ ಇವರು."

ಪೂಜ್ಯರು ನಕ್ಕು, ಅವರಿಬ್ಬರಿಗೂ ಮೋಳಕೇರಾದ ಗವಿಗೆ ಹೋಗಿಬರುವಂತೆ ಹೇಳಿ, ಒಂದೇ ತಟ್ಟೆಯಲ್ಲಿ ಪ್ರಸಾದ ತರಿಸಿದರು.